ಐದು ಅಂಗುಲದ ಕುರ್ಚಿಗೆ ಐದು ನಕ್ಷತ್ರ ಕೊಟ್ಟವನ ಅಹವಾಲು

ಆನ್‌ಲೈನ್ ಮಾರುಕಟ್ಟೆಗಳ ಗ್ರಾಹಕ ದೂರು ಪರಿಹಾರ ವಿಭಾಗದ ಮುಖ್ಯಾಧಿಕಾರಿಗಳಿಗೆ ಒಬ್ಬ ಕ್ಷೌರಿಕನ ಬಹಿರಂಗ ಪತ್ರ

ಮಾನ್ಯರೇ,

ನಾನು ಸಂತೃಪ್ತನಲ್ಲ.

ಇದನ್ನು ಮೊದಲ ಸಾಲಿನಲ್ಲೇ ಹೇಳಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ‘ದೂರುದಾರರು ಸರಕಿನ ಬಗ್ಗೆ ಪೂರ್ಣ ಸಂತೃಪ್ತಿ ಹೊಂದಿರುವುದು ದಾಖಲೆಗಳಿಂದ ದೃಢಪಟ್ಟಿರುವುದರಿಂದ ಸದರಿ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ’ ಎಂದು ತಮ್ಮ ಕಚೇರಿಯಿಂದ ನನಗೆ ಪತ್ರ ಬಂದಿದೆ. ನನ್ನ ಸಂತೃಪ್ತಿಯ ಸುದ್ದಿ ನನಗೇ ಅಂಚೆಯಲ್ಲಿ ತಲುಪಿದ್ದು ಜೀವನದಲ್ಲಿ ಇದೇ ಮೊದಲು. ಹೆಂಡತಿಗೆ ಓದಿ ಹೇಳಿದೆ. ‘ಇಷ್ಟು ವರ್ಷ ಸಂಸಾರ ಮಾಡಿದೀನಿ, ನನಗೆ ಗೊತ್ತಾಗ್ಲಿಲ್ಲ ನೋಡಿ, ಅವರಿಗೆ ಗೊತ್ತಾಯ್ತು’ ಎಂದಳು. ಮಾನ್ಯರೇ, ನಾನು ಹಣ ಕೊಟ್ಟು ತರಿಸಿದ್ದು ಕ್ಷೌರದಂಗಡಿಯ ಕುರ್ಚಿ. ಕಾಲಿನಿಂದ ಪಂಪು ಒತ್ತಿದರೆ ಏರಬೇಕು, ಹಿಡಿ ಎಳೆದರೆ ಇಳಿಯಬೇಕು, ತಲೆಗೊಂದು ಆನಿಕೆ, ಕಾಲಿಗೊಂದು ಪಟ್ಟಿ, ಕೆಂಪು ಹೊದಿಕೆ. ಬಂದದ್ದರಲ್ಲಿ ಇವೆಲ್ಲವೂ ಇವೆ. ಎತ್ತರ ಮಾತ್ರ ಐದು ಅಂಗುಲ. ಐದು ಅಂಗುಲದ ಕುರ್ಚಿಯಲ್ಲಿ ಕೂತು ಕ್ಷೌರ ಮಾಡಿಸಿಕೊಳ್ಳುವ ಗಿರಾಕಿ ನಮ್ಮ ಬೀದಿಯಲ್ಲಿ ಒಬ್ಬನೂ ಇಲ್ಲ. ತಮ್ಮ ಕಚೇರಿಯಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಕಳಿಸಿಕೊಡಿ, ಮೊದಲ ಕ್ಷೌರ ಉಚಿತ.

ನನ್ನದು ಒಂದೇ ಕುರ್ಚಿಯ ಅಂಗಡಿ. ಒಂದು ಗೋಡೆಗೆ ಕನ್ನಡಿ, ಎದುರು ಗೋಡೆಗೆ ಕಾಯುವವರ ಬೆಂಚು, ನಡುವೆ ಕುರ್ಚಿ. ಎರಡನೆಯದೊಂದು ಹಾಕಿದರೆ ಕ್ಷೌರಿಕ ಬೀದಿಯಲ್ಲಿ ನಿಂತು ಕೈ ಮಾತ್ರ ಒಳಗೆ ಚಾಚಬೇಕಾಗುತ್ತದೆ. ಆ ಒಂದು ಕುರ್ಚಿಗೆ ಎರಡು ವರ್ಷದಿಂದ ಇಬ್ಬರು ಕೆಲಸದವರು: ಬೆಳಿಗ್ಗೆ ನಾನು, ಮಧ್ಯಾಹ್ನದ ಮೇಲೆ ನನ್ನ ಮಗಳು. ಅವಳ ಕೈ ನನ್ನದಕ್ಕಿಂತ ಹಗುರ. ಹೀಗೆ ಹೇಳಲು ನನಗೆ ಹೊಟ್ಟೆಕಿಚ್ಚಿಲ್ಲ, ಇದ್ದರೂ ಸ್ವಲ್ಪ. ನಾನು ಆರಡಿಗೆ ಒಂದಂಗುಲ ಕಡಿಮೆ. ಅವಳು ತಾಯಿಯನ್ನು ಹೋಲುತ್ತಾಳೆ, ಐದಡಿಗೆ ಎರಡಂಗುಲ ಕಡಿಮೆ. ಹಳೆಯ ಕುರ್ಚಿಯ ಪಂಪು ನೆಟ್ಟಗಿದ್ದಾಗ ಇದೊಂದು ವಿಷಯವೇ ಆಗಿರಲಿಲ್ಲ. ನನ್ನ ಪಾಳಿಗೆ ಏರಿಸುತ್ತಿದ್ದೆವು, ಅವಳ ಪಾಳಿಗೆ ಇಳಿಸುತ್ತಿದ್ದೆವು. ಹೋದ ವರ್ಷ ಒಂದು ಬೆಳಿಗ್ಗೆ ನಾನು ಏರಿಸಿದ ಕುರ್ಚಿ ಮಧ್ಯಾಹ್ನ ಇಳಿಯಲೇ ಇಲ್ಲ. ಪಕ್ಕದ ವೆಲ್ಡಿಂಗ್ ಅಂಗಡಿಯವನು ಬಂದು, ಮಲಗಿ, ಕುರ್ಚಿಯ ಬುಡಕ್ಕೆ ಟಾರ್ಚು ಬಿಟ್ಟು ನೋಡಿದ.

‘ಅಣ್ಣಾ, ಪಂಪು ಹೋಯ್ತು. ಈ ಮಾಡೆಲ್ಲಿನ ಸಾಮಾನು ಈಗ ಎಲ್ಲೂ ಸಿಗಲ್ಲ. ಬೇಕಾದ್ರೆ ಕಂಬ ಕತ್ತರಿಸಿ ಯಾವುದಾದ್ರೂ ಒಂದು ಎತ್ತರಕ್ಕೆ ಬೆಸುಗೆ ಹಾಕಿ ಕೊಡ್ತೀನಿ. ಆಮೇಲೆ ಏರೋದೂ ಇಲ್ಲ, ಇಳಿಯೋದೂ ಇಲ್ಲ. ಯಾರ ಎತ್ತರಕ್ಕೆ ಅಂತ ಅಪ್ಪ ಮಗಳು ಮಾತಾಡ್ಕೊಂಡು ಹೇಳಿ’ ಎಂದ.

ಮಾತಾಡಿಕೊಂಡು ಹೇಳುವಂಥ ಮಾತೇ ಅದು? ನನ್ನ ಎತ್ತರಕ್ಕೆ ಹಾಕಿಸಿದರೆ ಅವಳು ಜೀವನಪೂರ್ತಿ ಹಣ್ಣಿನ ಪೆಟ್ಟಿಗೆ ಬೋರಲು ಹಾಕಿ ಅದರ ಮೇಲೆ ನಿಂತು ಕೆಲಸ ಮಾಡಬೇಕು. ಹಾಗೆ ನಿಂತು ಕೆಲವು ತಿಂಗಳು ಮಾಡಿದಳು. ಒಮ್ಮೆ ಪೆಟ್ಟಿಗೆ ಜಾರಿತು, ಕೈಯಲ್ಲಿ ಕತ್ತಿಯಿತ್ತು. ಪುಣ್ಯಕ್ಕೆ ಹೋದದ್ದು ಅರ್ಧ ಮೀಸೆ ಮಾತ್ರ. ಉಳಿದರ್ಧ ಮೀಸೆಯನ್ನು ಆ ಗಿರಾಕಿ ಬೇರೆ ಅಂಗಡಿಗೆ ಒಯ್ದ, ಅವನ ಹಿಂದೆ ಇನ್ನೂ ನಾಲ್ಕಾರು ಜನ ಹೋದರು. ಅವಳ ಎತ್ತರಕ್ಕೆ ಹಾಕಿಸಿದರೆ ನಾನು ನನ್ನ ಪಾಳಿಯಿಡೀ ಬಗ್ಗಿ ನಿಲ್ಲಬೇಕು. ನನ್ನ ಸೊಂಟದ ಎಕ್ಸ್‌ರೇ ನೋಡಿದ ಡಾಕ್ಟರು ‘ಬಗ್ಗೋದಾದ್ರೆ ಏಳೋ ಆಸೆ ಬಿಟ್ಟು ಬಗ್ಗಿ’ ಎಂದಿದ್ದಾರೆ. ಏರಿ ಇಳಿಯುವ ಹೊಸ ಕುರ್ಚಿ ಬಂದರೆ ಇಬ್ಬರೂ ಅಂಗಡಿಯಲ್ಲಿ ಉಳಿಯುತ್ತೇವೆ, ಬರದಿದ್ದರೆ ಒಬ್ಬರು ಬಿಡಬೇಕು. ತಮ್ಮ ಕಡತದಲ್ಲಿ ‘ಗೃಹಾಲಂಕಾರ ವಸ್ತು, ಇತರೆ’ ಎಂದು ದಾಖಲಾಗಿರುವ ಪ್ರಕರಣದ ಒಳಗಿರುವುದು ಇದು.

ಹಾಗೆಂದು ನಾನು ಕಣ್ಣು ಮುಚ್ಚಿಕೊಂಡು ಹಳ್ಳಕ್ಕೆ ಬಿದ್ದವನಲ್ಲ, ತಮ್ಮ ಕೈ ಹಿಡಿದುಕೊಂಡೇ ಬಿದ್ದವನು. ‘ವಂಚಕ ಮಾರಾಟಗಾರರಿಂದ ಪಾರಾಗುವ ಬಗೆ’ ಎಂಬ ತಮ್ಮ ಕರಪತ್ರವನ್ನು ಕನ್ನಡಿಯ ಅಂಚಿಗೆ ಸಿಕ್ಕಿಸಿ, ಮಗಳು ಫೋನು ಹಿಡಿದು, ನಾನು ಒಂದೊಂದೇ ಸೂತ್ರ ಗಟ್ಟಿಯಾಗಿ ಓದಿ, ಇಬ್ಬರೂ ಪರೀಕ್ಷೆಗೆ ಕೂತವರ ಹಾಗೆ ಕೊಂಡೆವು. ಬೆಲೆ ಅನುಮಾನ ಬರುವಷ್ಟು ಕಡಿಮೆಯಿದ್ದರೆ ಬಿಟ್ಟುಬಿಡಿ ಎಂದಿದ್ದಿರಿ. ಬಿಟ್ಟೆವು, ಎಲ್ಲಕ್ಕಿಂತ ದುಬಾರಿಯದನ್ನು ಆರಿಸಿದೆವು. ಮಾರಾಟಗಾರ ಹೊಸಬನೋ ಹಳಬನೋ ನೋಡಿ ಎಂದಿದ್ದಿರಿ. ಒಂಬತ್ತು ವರ್ಷದ ಹಳಬ. ಒಂಬತ್ತು ವರ್ಷ ಸಿಕ್ಕಿಬೀಳದವನು ಎಂದೂ ಅದಕ್ಕೆ ಅರ್ಥವಿದೆ ಎಂದು ಆಗ ಹೊಳೆಯಲಿಲ್ಲ. ಅಳತೆ ಗಮನಿಸಿ ಎಂದಿದ್ದಿರಿ. ಎತ್ತರ ನೂರ ಇಪ್ಪತ್ತೈದು ಎಂದಿತ್ತು. ನೂರ ಇಪ್ಪತ್ತೈದು ಏನು ಎಂದಿರಲಿಲ್ಲ. ನಾವು ಸೆಂಟಿಮೀಟರು ಎಂದುಕೊಂಡೆವು, ಅವರು ಮಿಲಿಮೀಟರು ಎಂದುಕೊಂಡಿದ್ದರು. ಚಿತ್ರವನ್ನು ದೊಡ್ಡದು ಮಾಡಿ ನೋಡಿ ಎಂದಿದ್ದಿರಿ. ಮಾಡಿದೆವು. ಫೋನಿನ ಗಾಜು ತುಂಬುವಷ್ಟು ದೊಡ್ಡದು ಮಾಡಿದೆವು. ಮಾನ್ಯರೇ, ಕೆಟ್ಟದ್ದೇ ಅಲ್ಲಿ. ಚಿತ್ರವನ್ನು ದೊಡ್ಡದು ಮಾಡಿದಷ್ಟೂ ಕುರ್ಚಿ ದೊಡ್ಡದಾಗುತ್ತದೆ. ಈ ಸೂತ್ರ ಬರೆದ ಅಧಿಕಾರಿಗೆ ಬಡ್ತಿ ಸಿಕ್ಕಿರಬೇಕು ಎಂದು ನಂಬಿದ್ದೇನೆ.

ಕೊಂಡವರ ಅಭಿಪ್ರಾಯ ಓದಿ ಎಂದೂ ಬರೆದಿದ್ದಿರಿ. ನಾನ್ನೂರು ಜನ ಐದೈದು ನಕ್ಷತ್ರ ಕೊಟ್ಟಿದ್ದರು. ‘ಸೂಪರ್’, ‘ಹೇಳಿದ ದಿನಕ್ಕೇ ಬಂತು’, ‘ಮಕ್ಕಳಿಗೆ ತುಂಬಾ ಇಷ್ಟವಾಯಿತು’. ಮಕ್ಕಳಿಗೆ ಇಷ್ಟವಾಯಿತು ಎಂದರೆ ಹಟ ಮಾಡುವ ಮಕ್ಕಳ ಕ್ಷೌರಕ್ಕೂ ಅನುಕೂಲ ಎಂದು ಅಪ್ಪ ಮಗಳು ಸಂತೋಷಪಟ್ಟೆವು. ಇದನ್ನು ನೆನೆದಾಗಲೆಲ್ಲ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ. ಮೂವತ್ತೊಂದು ವರ್ಷದಲ್ಲಿ ನನ್ನ ಕುರ್ಚಿಯಿಂದ ಎದ್ದ ಒಬ್ಬನೂ ಕೆಟ್ಟದಾಗಿದೆ ಎಂದು ಬಾಯಿಬಿಟ್ಟು ಹೇಳಿದ್ದಿಲ್ಲ. ಕುತ್ತಿಗೆಯ ಹತ್ತಿರ ಕತ್ತಿ ಹಿಡಿದವನನ್ನು ಯಾರು ಬಯ್ಯುತ್ತಾರೆ? ಎಲ್ಲರೂ ಕನ್ನಡಿ ನೋಡಿ ‘ಚೆನ್ನಾಗಿದೆ’ ಎನ್ನುತ್ತಾರೆ, ಬಾಗಿಲು ದಾಟಿದ ಮೇಲೆ ಟೋಪಿ ಹಾಕಿಕೊಳ್ಳುತ್ತಾರೆ. ಹೊಗಳಿಕೆ ಹೇಗೆ ಹುಟ್ಟುತ್ತದೆ ಎಂಬುದು ಗೊತ್ತಿರಬೇಕಾದ ಕಸುಬಿನವನೇ ನಾನ್ನೂರು ಹೊಗಳಿಕೆಗೆ ತಲೆ ಕೊಟ್ಟೆ.

ಕುರ್ಚಿ ಬರುವ ದಿನ ಬೆಂಚನ್ನು ಬೀದಿಗೆ ಹಾಕಿ ಜಾಗ ಮಾಡಿದ್ದೆವು. ಎತ್ತಲು ಕೈ ಬೇಕಾಗುತ್ತದೆಂದು ವೆಲ್ಡಿಂಗಿನವನನ್ನೂ ಅವನ ಭಾವನನ್ನೂ ಕರೆದಿದ್ದೆ. ಅವರಿಬ್ಬರೂ ತೋಳು ಮಡಚಿ ನಿಂತಿದ್ದರು. ಡೆಲಿವರಿಯವನು ಬಂದ, ಒಂದು ಕೈಯಲ್ಲಿ ಚಪ್ಪಲಿ ಡಬ್ಬಿಗಿಂತ ಚಿಕ್ಕದೊಂದು ಡಬ್ಬಿ ಕೊಟ್ಟ, ಇನ್ನೊಂದು ಕೈಯಲ್ಲಿ ನನ್ನ ಫೋಟೊ ಹೊಡೆದುಕೊಂಡು ಹೊರಟ.

‘ಅಪ್ಪಾ, ಇದು ನಟ್ಟು ಬೋಲ್ಟು ಇರ್ಬೇಕು. ಕುರ್ಚಿ ಹಿಂದೆ ಲಾರೀಲಿ ಬರತ್ತೆ’ ಎಂದಳು ಮಗಳು.

‘ಓಡು, ಲಾರಿ ಎಷ್ಟು ಹೊತ್ತಿಗೆ ಅಂತ ಕೇಳ್ಕೊಂಡು ಬಾ.’

ಓಡಿ ಹೋಗಿ ಬಂದಳು. ‘ಅವನು ಬೈಕಲ್ಲಿ ಬಂದಿದ್ದ. ಲಾರಿ ಅಂದ್ರೆ ನಕ್ಕ.’

ಆದರೂ ಊಟದ ಹೊತ್ತಿನವರೆಗೆ ಲಾರಿ ಕಾದೆವು. ಆಮೇಲೆ ಡಬ್ಬಿ ಬಿಚ್ಚಿದೆವು. ವೆಲ್ಡಿಂಗಿನವನು ಕುರ್ಚಿಯನ್ನು ಅಂಗೈ ಮೇಲೆ ಇಟ್ಟುಕೊಂಡು, ‘ನಮ್ಮ ಭಾವನ್ನ ಕರೀಬೇಕಾಗಿರ್ಲಿಲ್ಲ ಅಣ್ಣಾ’ ಎಂದ. ಕಿರುಬೆರಳಿನಿಂದ ಪಂಪು ಒತ್ತಿದ, ಏರಿತು. ಹಿಡಿ ಎಳೆದ, ಇಳಿಯಿತು. ಎಲ್ಲರೂ ನಕ್ಕರು. ಮಗಳೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಆಮೇಲೆ ಪೊರಕೆ ತೆಗೆದುಕೊಂಡು ಒಂದು ಕೂದಲೂ ಬಿದ್ದಿರದ ನೆಲವನ್ನು ಬಹಳ ಹೊತ್ತು ಗುಡಿಸಿದಳು. ನನಗೆ ಆ ದಿನ ಮಾರಾಟಗಾರ ಕೈಗೆ ಸಿಕ್ಕಿದ್ದರೆ ಅವನ ತಲೆಯನ್ನು ನೀರು ಸೋಕಿಸದೆ ಬೋಳಿಸಿ ಕಳಿಸುತ್ತಿದ್ದೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಅದು ದೊಡ್ಡ ತಪ್ಪು, ಮುಚ್ಚಿಡುವುದಿಲ್ಲ. ದೂರು ಕೊಡಲು ಹೋದರೆ ನಾವು ಕುರ್ಚಿ ಕೊಂಡ ಆನ್‌ಲೈನ್ ಮಾರುಕಟ್ಟೆಯ ಪುಟ ಮುಂದೆ ಹೋಗಲೊಲ್ಲದು. ಮೊದಲು ನಕ್ಷತ್ರ ಕೊಡಿ, ಎರಡು ಮಾತು ಬರೆಯಿರಿ, ಆಮೇಲೆ ದೂರು. ನನಗೆ ಕಸುಬು ಕಲಿಸಿದ ಚಿಕ್ಕಪ್ಪ ಕತ್ತರಿ ಕೈಗೆ ಕೊಡುವ ಮೊದಲೇ ಒಂದು ಪಾಠ ಹೇಳಿದ್ದರು. ಬೇರೆ ಅಂಗಡಿಯಲ್ಲಿ ಕೆಡಿಸಿಕೊಂಡ ತಲೆ ನಮ್ಮಲ್ಲಿಗೆ ಬಂದಾಗ ‘ಯಾವನಯ್ಯ ಇದನ್ನ ಕತ್ತರಿಸಿದ್ದು’ ಎನ್ನಬಾರದು. ‘ಚೆನ್ನಾಗೇ ಮಾಡಿದಾರೆ, ಸ್ವಲ್ಪ ಸರಿ ಮಾಡೋಣ’ ಎನ್ನಬೇಕು. ಇನ್ನೊಬ್ಬ ಕೆಲಸಗಾರನ ಕೈಯನ್ನು ಗಿರಾಕಿಯ ಮುಂದೆ ಹಳಿಯಬಾರದು. ಮೂವತ್ತೊಂದು ವರ್ಷ ನಾಲಿಗೆಗೆ ಅಂಟಿದ ಅಭ್ಯಾಸ. ಆ ಐದಂಗುಲದ ಕುರ್ಚಿಯನ್ನು ತಿರುಗಿಸಿ ನೋಡಿದರೆ, ಮಾಡಿದವನ ಕೈ ನಿಜಕ್ಕೂ ಒಳ್ಳೆಯ ಕೈ. ಹಾಗಾಗಿ ಹೀಗೆ ಬರೆದೆ: ‘ಕೆಲಸ ಬಹಳ ಅಚ್ಚುಕಟ್ಟಾಗಿದೆ. ಹೊಲಿಗೆ ನೇರವಾಗಿದೆ. ಪಂಪು ಸಲೀಸು. ಮೂವತ್ತೊಂದು ವರ್ಷದ ಅನುಭವದಲ್ಲಿ ಇಷ್ಟು ನಯವಾದ ಕುರ್ಚಿ ನೋಡಿಲ್ಲ. ನಮ್ಮ ಉಪಯೋಗಕ್ಕೆ ಮಾತ್ರ ಗಾತ್ರ ಸ್ವಲ್ಪ ಚಿಕ್ಕದಾಯಿತು.’ ಕೆಳಗೆ ಅಂಗಡಿಯ ಹೆಸರು, ಫೋನ್ ನಂಬರು. ನಕ್ಷತ್ರ ಕೆಲಸಗಾರನಿಗೆ ಎಂದುಕೊಂಡು ಐದೂ ಒತ್ತಿದೆ. ದೂರು ಬೇರೆ, ಮರ್ಯಾದೆ ಬೇರೆ ಎಂದುಕೊಂಡೆ.

ದೂರಿನ ಪುಟದಲ್ಲಿ ಆರಿಸಿಕೊಳ್ಳಲು ನಾಲ್ಕು ಕಾರಣಗಳಿದ್ದವು: ಬಣ್ಣ ಬೇರೆ, ಒಡೆದಿದೆ, ಮನಸ್ಸು ಬದಲಾಯಿತು, ಅಳತೆ ಸರಿಯಾಗಲಿಲ್ಲ. ‘ಮೋಸ’ ಎಂಬ ಕಾರಣ ಇರಲಿಲ್ಲ. ಅಳತೆ ಎಂದು ಒತ್ತಿದೆ. ಯಾವ ಅಳತೆ ಬೇಕು ಎಂದು ಕೇಳಿತು: ಸ್ಮಾಲ್, ಮೀಡಿಯಂ, ಲಾರ್ಜ್, ಎಕ್ಸ್‌ಟ್ರಾ ಲಾರ್ಜ್. ಲಾರ್ಜ್ ಎಂದೆ. ಮೂರು ವಾರಕ್ಕೆ ಏಳಂಗುಲದ ಕುರ್ಚಿ ಬಂತು. ಡಬ್ಬಿ ಕೈಗೆ ಸಿಗಬೇಕಾದರೆ ‘ಸಮಸ್ಯೆ ಬಗೆಹರಿಯಿತು’ ಎಂದು ಒತ್ತಬೇಕಂತೆ, ಒತ್ತಿದೆ. ಮತ್ತೆ ದೂರು ಕೊಟ್ಟೆ, ಎಕ್ಸ್‌ಟ್ರಾ ಲಾರ್ಜ್ ಎಂದೆ. ಹನ್ನೊಂದು ಅಂಗುಲದ್ದು ಬಂತು, ಮತ್ತೆ ಒತ್ತಿದೆ. ಈ ಮೂರನೆಯದರಲ್ಲಿ ಬೀದಿಯ ಬೆಕ್ಕೊಂದು ಬಂದು ಕೂತಿತು. ಯಾರೋ ಪಂಪು ಒತ್ತಿದರು, ಬೆಕ್ಕು ಒಂದಂಗುಲ ಮೇಲೇರಿ ಗಂಭೀರವಾಗಿ ಕನ್ನಡಿ ನೋಡಿಕೊಂಡಿತು. ಅಂದಿನಿಂದ ಬೆಂಚಿನ ಮೇಲೆ ಕೂರುವವರು ಹೆಚ್ಚಾಗಿದ್ದಾರೆ, ಕ್ಷೌರಕ್ಕಲ್ಲ, ಬೆಕ್ಕು ನೋಡಲು. ಬೀದಿಯಲ್ಲಿ ನನ್ನ ಅಂಗಡಿಗೆ ‘ಬೆಕ್ಕಿನ ಸಲೂನ್’ ಎಂದು ಹೆಸರಾಗಿದೆ. ನಾನ್ನೂರು ಜನರ ಅಭಿಪ್ರಾಯಕ್ಕಿಂತ ಆ ಬೆಕ್ಕಿನದು ಪ್ರಾಮಾಣಿಕ, ಅದು ನಿಜವಾಗಿ ಕೂತು ನೋಡಿದೆ.

ಆಗ ತಮ್ಮ ಸಹಾಯವಾಣಿಗೆ ಫೋನು ಮಾಡಿದೆ. ಒಬ್ಬ ಹೆಣ್ಣುಮಗಳು ಬಹಳ ವಿನಯದಿಂದ ಮಾತಾಡಿದಳು.

‘ಸರ್, ಚಿತ್ರದಲ್ಲಿರೋ ಕುರ್ಚಿಗೂ ನಿಮಗೆ ಬಂದಿರೋ ಕುರ್ಚಿಗೂ ಏನಾದ್ರೂ ವ್ಯತ್ಯಾಸ ಇದೆಯಾ?’

‘ಇಲ್ಲಮ್ಮ.’

‘ಬಣ್ಣ ಅದೇನಾ?’

‘ಅದೇ.’

‘ಏರತ್ತಾ, ಇಳಿಯತ್ತಾ?’

‘ಎರಡೂ ಮಾಡತ್ತೆ.’

‘ಹಾಗಾದ್ರೆ ತೊಂದ್ರೆ ಏನು ಸರ್?’

‘ಮನುಷ್ಯರು ಕೂರೋಕಾಗಲ್ಲಮ್ಮ.’

ಆ ಕಡೆ ಸ್ವಲ್ಪ ಹೊತ್ತು ಟೈಪು ಮಾಡುವ ಸದ್ದು. ‘ಮನುಷ್ಯರು ಕೂರಬಹುದು ಅಂತ ಮಾರಾಟಗಾರರು ಎಲ್ಲಾದ್ರೂ ಬರ್ದಿದಾರಾ ಸರ್? ನೋಡಿ ಹೇಳಿ, ನಾನು ಕಾಯ್ತೀನಿ.’

ನೋಡಿದೆ. ಎಲ್ಲೂ ಬರೆದಿರಲಿಲ್ಲ. ‘ಬರ್ದಿಲ್ಲಮ್ಮ. ಆದ್ರೆ ಕುರ್ಚಿ ಅಂದ್ಮೇಲೆ ಮನುಷ್ಯರಲ್ಲದೆ ಇನ್ಯಾರು ಕೂರ್ತಾರೆ?’

‘ಅದು ಗ್ರಾಹಕರ ಆಯ್ಕೆ ಸರ್’ ಎಂದಳು. ತಪ್ಪು ಅವಳದಲ್ಲ, ಓದಲು ಕೊಟ್ಟದ್ದನ್ನು ಓದಿದಳು.

ನಾನು ಬಿಡಲಿಲ್ಲ, ಲಿಖಿತ ದೂರು ಕೊಟ್ಟೆ. ತಮ್ಮ ಪರಿಶೀಲನಾಧಿಕಾರಿ ಟೇಪು, ಕಡತ, ಒಬ್ಬ ಸಹಾಯಕನ ಸಮೇತ ಅಂಗಡಿಗೆ ಬಂದರು. ಮೂರೂ ಕುರ್ಚಿ ಅಳೆದರು, ಬರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ ‘ಕೂರೋಕಾಗಲ್ಲ ಅಂತ ದೂರಿದೆ ನಿಮ್ಮದು. ಎಲ್ಲಿ, ಕೂತು ತೋರಿಸಿ’ ಎಂದರು.

‘ಕೂರೋಕಾಗಲ್ಲ ಅನ್ನೋದನ್ನ ಕೂತು ಹೇಗೆ ತೋರಿಸ್ಲಿ ಸಾರ್?’

‘ಪ್ರಯತ್ನ ಮಾಡಿದ್ದಕ್ಕೆ ದಾಖಲೆ ಬೇಕಲ್ರೀ. ಪ್ರಯತ್ನನೇ ಮಾಡ್ದೆ ಆಗಲ್ಲ ಅಂದ್ರೆ ನಾವು ಏನಂತ ಬರೀಬೇಕು?’

ಬೆಂಚಿನ ತುಂಬ ಜನ. ಬೆಕ್ಕನ್ನು ಎಬ್ಬಿಸಿದೆವು. ಸೊಂಟ ನೆಟ್ಟಗಿಲ್ಲದ, ಆರಡಿಗೆ ಒಂದಂಗುಲ ಕಡಿಮೆಯ ಮನುಷ್ಯ ನಾನು, ಹನ್ನೊಂದು ಅಂಗುಲದ ಕುರ್ಚಿಯ ಮೇಲೆ ನಿಧಾನವಾಗಿ ಇಳಿದೆ. ಮೊಣಕಾಲುಗಳು ಕಿವಿಯ ಹತ್ತಿರ ಬಂದವು. ಭಾರವೆಲ್ಲ ಹಿಮ್ಮಡಿಯ ಮೇಲೆ, ಕುರ್ಚಿಗೆ ಬರಿಯ ಬಟ್ಟೆ ತಾಗುತ್ತಿತ್ತು. ‘ಒಂದ್ನಿಮಿಷ, ಹಾಗೇ ಇರಿ’ ಎಂದರು, ಫೋಟೊ ತೆಗೆದರು. ಅದೇ ಫೋಟೊ ತಮ್ಮ ವರದಿಗೆ ಲಗತ್ತಾಗಿದೆ. ‘ದೂರುದಾರರು ಸದರಿ ಕುರ್ಚಿಯ ಮೇಲೆ ಆಸೀನರಾಗಿರುವುದು ಛಾಯಾಚಿತ್ರದಿಂದ ಸ್ಪಷ್ಟವಾಗುತ್ತದೆ. ಮುಖದಲ್ಲಿ ನಗುವಿದೆ.’ ಮಾನ್ಯರೇ, ಅದು ನಗುವಲ್ಲ. ಸೊಂಟ ಹಿಡಿದುಕೊಂಡಾಗ ನನ್ನ ಹಲ್ಲು ಕಾಣುತ್ತದೆ. ಅಲ್ಲಿಂದ ನನ್ನನ್ನು ಎತ್ತಲು ವೆಲ್ಡಿಂಗಿನವನೂ ಅವನ ಭಾವನೂ ಬೇಕಾದರು, ಅದು ವರದಿಯಲ್ಲಿಲ್ಲ.

ಈ ಫೋಟೊ, ಎರಡು ಸಲ ‘ಬಗೆಹರಿಯಿತು’ ಎಂದು ಒತ್ತಿದ್ದು, ನನ್ನ ಐದು ನಕ್ಷತ್ರ, ಇವಿಷ್ಟನ್ನು ಕೂಡಿಸಿ ತಮ್ಮ ಕಚೇರಿ ನನ್ನ ಸಂತೃ‍ಪ್ತಿಯನ್ನು ಸಾಬೀತು ಮಾಡಿತು. ಒಪ್ಪಿದೆ. ಒಂದು ಪ್ರಶ್ನೆ ಮಾತ್ರ ಕೇಳುತ್ತೇನೆ. ವಂಚಕರಿಂದ ದೂರವಿರಿ ಎಂದು ನಮಗೆ ಕರಪತ್ರ ಹಂಚುತ್ತೀರಿ. ಗ್ರಾಹಕರಿಂದ ದೂರವಿರಿ ಎಂದು ವಂಚಕರಿಗೆ ಇದುವರೆಗೆ ಒಂದಾದರೂ ಕರಪತ್ರ ಹಂಚಿದ್ದೀರಾ? ಎಚ್ಚರಿಕೆ, ಜಾಣತನ, ಪರೀಕ್ಷೆ, ಅನುಮಾನ ಎಲ್ಲ ನಮ್ಮ ಪಾಲಿಗೆ, ಒಂಬತ್ತು ವರ್ಷದ ನೆಮ್ಮದಿ ಅವನ ಪಾಲಿಗೆ. ನಮ್ಮ ಕಸುಬಿನಲ್ಲಿ ಕೆಲಸ ಮುಗಿದ ಮೇಲೆ ಚಿಕ್ಕ ಕನ್ನಡಿ ಹಿಡಿದು ಗಿರಾಕಿಗೆ ಅವನ ಹಿಂದಲೆ ತೋರಿಸುತ್ತೇವೆ. ಅವನು ಕೇಳುವುದಿಲ್ಲ, ಯಾವ ಇಲಾಖೆಯೂ ಆದೇಶ ಹೊರಡಿಸಿಲ್ಲ. ಅವನಿಗೆ ಕಾಣದ ಕಡೆಯನ್ನು ತೋರಿಸುವುದು ಕತ್ತರಿ ಹಿಡಿದವನ ಕೆಲಸ, ಅಷ್ಟೇ. ಕುರ್ಚಿಯ ಪಕ್ಕದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಿ ಫೋಟೊ ತೆಗೆ ಎಂದು ಮಾರುವವನಿಗೆ ಹೇಳಲು ತಮಗೆ ಎಷ್ಟು ಸಮಿತಿ ಬೇಕು?

ಇಲ್ಲಿಗೇ ನಿಂತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಆಟಿಕೆ ಬಂತು, ಮಾನ ಹೋಯಿತು, ನಾಲ್ಕು ಜನ ನಕ್ಕರು, ಆಯಿತು ಎಂದು ಸುಮ್ಮನಿರುತ್ತಿದ್ದೆ. ಎರಡು ವಾರದ ಹಿಂದೆ ಅಂಗಡಿಯ ಫೋನಿಗೆ ಬೇರೆ ಊರಿಂದ ಒಬ್ಬ ಹೆಂಗಸಿನ ಕರೆ ಬಂತು.

‘ಅಣ್ಣಾ, ಕುರ್ಚಿ ಬಗ್ಗೆ ಬರ್ದಿದ್ದು ನೀವೇನಾ?’

‘ಹೌದಮ್ಮ, ನಾನೇ.’

‘ನಾನೂ ನಮ್ಮ ಕಸುಬಿನೋಳೇ ಅಣ್ಣಾ. ನಮ್ಮ ಯಜಮಾನ್ರು ಹೋದ್ಮೇಲೆ ಅಂಗಡಿ ನಾನೇ ನೋಡ್ಕೊಳ್ತಿದೀನಿ. ಅವರ ಕಾಲದ ಕುರ್ಚಿ ಮಾರಿ ಇದನ್ನ ತರಿಸ್ದೆ. ಡಬ್ಬಿ ನೋಡಿ ಏನೋ ತಪ್ಪಾಗಿದೆ ಅಂದ್ಕೊಂಡೆ. ಅದಕ್ಕೇ ಕೇಳೋಣ ಅಂತ. ನಿಮಗೆ ದೊಡ್ಡದು ಬಂತಾ ಅಣ್ಣಾ?’

‘ನಾನ್ನೂರು ಜನ ಬರ್ದಿದ್ರಲ್ಲಮ್ಮ’ ಎಂದೆ, ಏನೋ ಹೇಳಬೇಕಲ್ಲ ಎಂದು.

‘ಅವರ್ಯಾರನ್ನೂ ನಂಬ್ಲಿಲ್ಲ ಅಣ್ಣಾ, ಎಲ್ಲ ಒಂದೇ ಥರ ಇತ್ತು. ನಿಮ್ಮದೊಂದು ಮಾತ್ರ ಕೆಲಸ ಗೊತ್ತಿರೋರು ಬರ್ದ ಹಾಗಿತ್ತು. ಹೊಲಿಗೆ ನೇರ ಇದೆ, ಪಂಪು ಸಲೀಸು ಅಂತ. ಅದನ್ನ ನೋಡಿನೇ ತಗೊಂಡೆ.’

‘ಕೊನೇ ಸಾಲು ಓದ್ಲಿಲ್ವೇನಮ್ಮ? ಗಾತ್ರ ಚಿಕ್ಕದು ಅಂತ ಬರ್ದಿದ್ದೆನಲ್ಲ.’

‘ಯಾವ ಸಾಲು ಅಣ್ಣಾ?’

ಆಮೇಲೆ ನೋಡಿದೆ. ಹೊಗಳಿಕೆಯ ನಾಲ್ಕು ಸಾಲು ಪುಟದ ನೆತ್ತಿಯ ಮೇಲೆ ಎದ್ದು ಕಾಣುತ್ತವೆ. ಗಾತ್ರದ ಸಾಲು ‘ಇನ್ನಷ್ಟು ಓದಿ’ ಎಂಬ ಮಾತಿನ ಹಿಂದೆ ಅಡಗಿದೆ. ನನ್ನ ಹೆಸರಿನ ಪಕ್ಕದಲ್ಲಿ ‘ನಂಬಲರ್ಹರು’ ಎಂಬ ಪದಕವಿದೆ. ಇದರಿಂದ ಸಹಾಯವಾಯಿತು ಎಂದು ಇನ್ನೂರ ಹನ್ನೆರಡು ಜನ ಒತ್ತಿದ್ದಾರೆ. ಅವರಲ್ಲಿ ಎಷ್ಟು ಜನ ಹಳೆಯ ಕುರ್ಚಿ ಮಾರಿದರೋ ನನಗೆ ಗೊತ್ತಿಲ್ಲ. ಆ ಹೆಂಗಸು ನನಗೆ ಒಂದು ಮಾತೂ ಬಯ್ಯಲಿಲ್ಲ. ‘ನಿಮಗೂ ಹೀಗೇ ಆಯ್ತಾ ಅಣ್ಣಾ, ಹೋಗ್ಲಿ ಬಿಡಿ’ ಎಂದು ನನ್ನನ್ನೇ ಸಮಾಧಾನ ಮಾಡಿ ಫೋನಿಟ್ಟಳು. ಈಗ ಅವಳ ಗಿರಾಕಿಗಳು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರುತ್ತಾರಂತೆ. ನನಗೆ ಆ ದಿನ ಆದಷ್ಟು ನಾಚಿಕೆ ತಮ್ಮ ಅಧಿಕಾರಿಯ ಮುಂದೆ ಮೊಣಕಾಲು ಕಿವಿಗೆ ತಾಗಿಸಿ ಕೂತಾಗಲೂ ಆಗಿರಲಿಲ್ಲ. ಮೋಸ ಹೋದವನು ಎಂದು ದೂರು ಕೊಡಲು ಹೊರಟವನು ನಾನು. ಅವಳ ಪಾಲಿಗೆ ಮೋಸ ಮಾಡಿದವನೂ ನಾನೇ ಆದೆ. ಮಾರಾಟಗಾರನ ನಾನ್ನೂರು ಸುಳ್ಳು ಮಾಡಲಾಗದ್ದನ್ನು ನನ್ನ ಒಂದು ಮರ್ಯಾದೆ ಮಾಡಿತು.

ಆ ಮಾತುಗಳನ್ನು ಅಳಿಸಲು ಹೋದೆ. ಸಂತೃಪ್ತ ಗ್ರಾಹಕರ ಅಭಿಪ್ರಾಯ ಅಳಿಸಬೇಕಾದರೆ ಅವರು ಸಂತೃಪ್ತರಲ್ಲವೆಂದು ತಮ್ಮ ಕಚೇರಿಯ ಪತ್ರ ಬೇಕಂತೆ. ತಮ್ಮ ಕಚೇರಿಯಲ್ಲಿ ಕೇಳಿದರೆ ಪ್ರಕರಣ ಮುಗಿದಿದೆ, ಸಂತೃಪ್ತರಿಗೆ ಮಾತ್ರ ಪತ್ರ ಕೊಡುವ ಪದ್ಧತಿಯಿದೆ ಎಂದರು.

ಹೊಸ ಕುರ್ಚಿ ಬರುವುದಿಲ್ಲ ಎಂಬುದು ನನಗೆ ಆ ದಿನ ಪೂರ್ತಿ ಅರ್ಥವಾಯಿತು. ಮರುದಿನ ಬೆಳಿಗ್ಗೆ ವೆಲ್ಡಿಂಗಿನವನನ್ನು ಕರೆದೆ. ‘ಕಂಬ ಕತ್ತರಿಸು. ಮಗಳ ಎತ್ತರಕ್ಕೆ ಹಾಕು’ ಎಂದೆ.

ಮಗಳು ಅಡ್ಡ ಬಂದು ನಿಂತಳು. ‘ಬೇಡ ಅಪ್ಪಾ. ನಾನು ಪೆಟ್ಟಿಗೆ ಮೇಲೇ ನಿಲ್ತೀನಿ. ಅಭ್ಯಾಸ ಆಗಿದೆ ನನಗೆ.’

‘ಪೆಟ್ಟಿಗೆ ಮೇಲೆ ನಿಂತವರ ಕೈಗೆ ಯಾರೂ ಕುತ್ತಿಗೆ ಕೊಡಲ್ಲ ಕಣಮ್ಮ. ಸರಿ ಆಚೆ.’

‘ಮತ್ತೆ ನೀನು?’

‘ನಾನು ಬೆಂಚಿನ ಮೇಲೆ ಕೂತು ಬಂದವರ ಹತ್ರ ಹರಟೆ ಹೊಡೀತೀನಿ. ಇಷ್ಟು ವರ್ಷ ಹರಟೆ ಹೊಡೆಯೋಕೇ ಕ್ಷೌರ ಮಾಡ್ತಿದ್ದೆ ಅನ್ಕೋ.’

ಅವಳು ನಗದೆ ಪಕ್ಕಕ್ಕೆ ಸರಿದಳು. ವೆಲ್ಡಿಂಗಿನವನು ಎರಡು ಸಲ ನನ್ನ ಮುಖ ನೋಡಿ, ಆಮೇಲೆ ಕೆಲಸ ಶುರುಮಾಡಿದ. ಮಧ್ಯಾಹ್ನದ ಹೊತ್ತಿಗೆ ಕುರ್ಚಿ ಒಂಬತ್ತು ಅಂಗುಲ ಗಿಡ್ಡವಾಯಿತು. ಮಗಳು ಮುಂದೆ ನಿಂತಳು, ಪಾದ ನೆಲದ ಮೇಲೆ, ಮೊಣಕೈ ಎದೆಯ ಮಟ್ಟಕ್ಕೆ, ಅಳೆದು ಹೊಲಿಸಿದ ಹಾಗಿತ್ತು. ‘ಕೂತ್ಕೋ ಅಪ್ಪಾ’ ಎಂದಳು. ಮೂವತ್ತೊಂದು ವರ್ಷ ಆ ಕುರ್ಚಿಯ ಹಿಂದೆ ನಿಂತಿದ್ದೆ. ಒಂದು ದಿನವೂ ಅದರಲ್ಲಿ ಕ್ಷೌರಕ್ಕೆಂದು ಕೂತಿರಲಿಲ್ಲ. ಅವಳು ಬಟ್ಟೆ ಹೊದಿಸಿ, ಕತ್ತರಿ ಎತ್ತಿಕೊಂಡಳು. ಮುಗಿದ ಮೇಲೆ ‘ಹೇಗಿದೆ?’ ಎಂದು ಕೇಳಿದಳು. ಚೆನ್ನಾಗಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ‘ಎಡಗಿವಿ ಮೇಲೆ ಒಂದೆಳೆ ಜಾಸ್ತಿ ಹೋಗಿದೆ’ ಎಂದೆ. ಬಗ್ಗಿ ನೋಡಿದಳು, ‘ಹೌದು’ ಎಂದಳು, ಬಲಗಡೆ ಅಷ್ಟೇ ತೆಗೆದು ಸರಿಮಾಡಿದಳು. ಅವಳಿಗೆ ಬೇಸರವಾಗಲಿಲ್ಲ, ನನ್ನ ಕಸುಬಿನ ಮರ್ಯಾದೆಯೂ ಹೋಗಲಿಲ್ಲ.

ಆದ್ದರಿಂದ ಮಾನ್ಯರೇ, ಹಣ ವಾಪಸು ಕೊಡಿಸಿ ಎಂದು ನಾನು ಕೇಳುತ್ತಿಲ್ಲ. ಕುರ್ಚಿ ಕೊಡಿಸಿ ಎಂದೂ ಇನ್ನು ಕೇಳುವುದಿಲ್ಲ, ಕಂಬ ಕತ್ತರಿಸಿ ಆಯಿತು. ಪರಿಹಾರ ಕೊಡುವ ಅಧಿಕಾರ ತಮಗಿದ್ದರೆ ಆ ಹೆಂಗಸಿಗೆ ಮನುಷ್ಯರು ಕೂರುವಂಥ ಕುರ್ಚಿ ಕೊಡಿಸಿ, ವಿಳಾಸ ನನ್ನಲ್ಲಿದೆ. ನನ್ನ ಬೇಡಿಕೆ ಒಂದೇ. ಆ ಪುಟದ ನೆತ್ತಿಯ ಮೇಲಿರುವ ನನ್ನ ಹೊಗಳಿಕೆಯನ್ನು ಈ ವಾರದೊಳಗೆ ತೆಗೆಸಿ. ನಂಬಲರ್ಹ ಎಂಬ ಪದಕವನ್ನೂ ಕಿತ್ತುಕೊಳ್ಳಿ, ನನಗೆ ಅದರ ಯೋಗ್ಯತೆಯಿಲ್ಲ. ಆ ಜಾಗದಲ್ಲಿ ನನ್ನ ಹೆಸರಿನಲ್ಲೇ, ಎಲ್ಲರಿಗೂ ಕಾಣುವ ಹಾಗೆ, ಇಷ್ಟು ಬರೆಸಿ: ‘ತಂಗೀ, ಇದು ಆಟಿಕೆ. ಕೊಳ್ಳಬೇಡ. ಮನೆಯವರ ಕಾಲದ ಕುರ್ಚಿ ಮಾರಬೇಡ.’

ಇಂತಿ,
ಮಗಳ ಅಂಗಡಿಯ ಬೆಂಚಿನ ಮೇಲೆ ಕೂತು ಇದನ್ನು ಬರೆದ,
ಈಗ ಕೈಗೆ ಕೆಲಸವಿಲ್ಲದ ಕ್ಷೌರಿಕ